ಕೋವಿಯ ಮೇಲೆ ಯಾರ ಹೆಸರು?

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ರೋಮನ್ ಸೈನಿಕರ ಒಂದು ಶಿರಸ್ತ್ರಾಣ ಇದೆ. ಶಿರಸ್ತ್ರಾಣ ಅಂದರೆ ದೊಡ್ಡದೇನಲ್ಲ, ಯುದ್ಧಕ್ಕೆ ಹೋಗುವವನ ಹೆಲ್ಮೆಟ್ಟು. ಸುಮಾರು ಎರಡು ಸಾವಿರ ವರ್ಷ ಹಳೆಯದು. ಅದರ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರುಗಳಿವೆ. ಒಂದಲ್ಲ, ನಾಲ್ಕು! ಅಂದರೆ ಒಬ್ಬ ಸೈನಿಕ ಹಾಕಿಕೊಂಡು, ಬಿಟ್ಟು ಹೋದ ಮೇಲೆ ಇನ್ನೊಬ್ಬ, ಅವನ ನಂತರ ಮತ್ತೊಬ್ಬ, ಹೀಗೆ ನಾಲ್ಕು ತಲೆ ಕಂಡ ಹೆಲ್ಮೆಟ್ಟು ಅದು. ನಾಲ್ವರೂ ತಮ್ಮ ತಮ್ಮ ಹೆಸರು ಹಾಕಿಕೊಂಡಿದ್ದಾರೆ.

ಇದನ್ನು ಓದಿದಾಗಿನಿಂದ ತಲೆಯಲ್ಲಿ ಒಂದು ಹುಳ ಕೊರೆಯುತ್ತಿತ್ತು. ನಮ್ಮ ಕಡೆಯ ಆಯುಧಗಳ ಮೇಲೆ ಹೀಗೆ ಹೆಸರುಗಳಿವೆಯೇ? ಇದ್ದರೆ ಯಾರವು? ಹಿಡಿದವನದೋ, ಮಾಡಿದವನದೋ, ಮಾಡಿಸಿದವನದೋ? ರಾತ್ರಿ ಮನೆಗೆ ಬಂದು ಕೂತು ಒಂದಿಷ್ಟು ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಇತಿಹಾಸ ಓದಿದವನಲ್ಲ, ಎಂಜಿನಿಯರಿಂಗ್ ಮುಗಿಸಿ ಕೋಡ್ ಬರೆದುಕೊಂಡಿರುವವನು. ಆ ಕಣ್ಣಿನಿಂದಲೇ ನೋಡಿದ್ದೇನೆ ಅನ್ನುವುದು ಮುಂದೆ ನಿಮಗೇ ಗೊತ್ತಾಗುತ್ತದೆ :)

ಮೊದಲು ರೋಮನ್ನರ ಕಥೆಯನ್ನೇ ಮುಗಿಸಿಬಿಡೋಣ. ಅವರ ಸೈನ್ಯದಲ್ಲಿ ಸುಮಾರು 80 ಜನರ ಒಂದು ತುಕಡಿ. ಅದರ ಮೇಲೊಬ್ಬ ಅಧಿಕಾರಿ, ಸೆಂಚುರಿಯನ್. ಆಯುಧದ ಮೇಲೆ ಬರೆಯುವ ಕ್ರಮ ಹೆಚ್ಚುಕಡಿಮೆ ಒಂದೇ: ಇಂಥವನ ತುಕಡಿ, ಇಂಥವನ ವಸ್ತು. ಇಂಗ್ಲೆಂಡಿನ ಟೈನ್ ನದಿಯಲ್ಲಿ ಸಿಕ್ಕ ಗುರಾಣಿಯ ನಡುವಿನ ಗುಬ್ಬಿಯ ಮೇಲೆ ಎಂಟನೇ ಲೀಜನ್, ಯೂಲಿಯಸ್ ಮ್ಯಾಗ್ನಸ್‌ನ ತುಕಡಿ, ಯೂನಿಯಸ್ ದುಬಿತಾತಸ್‌ನದು ಎಂದಿದೆ. ಪೂರ್ತಿ ವಿಳಾಸ! ಪೋಸ್ಟ್‌ಮ್ಯಾನ್ ಹುಡುಕಿಕೊಂಡು ಹೋಗಿ ತಲುಪಿಸಬಹುದು.

ಯಾಕೆ ಇಷ್ಟು ಕಾಳಜಿ? ಅಭಿಮಾನ ಅಂತ ನಾನು ಮೊದಲು ಅಂದುಕೊಂಡಿದ್ದೆ. ವಿಷಯ ಸಂಬಳದ್ದು. ಬಟ್ಟೆ, ಆಯುಧಗಳ ಖರ್ಚನ್ನು ಸೈನಿಕನ ಸಂಬಳದಿಂದಲೇ ಮುರಿದುಕೊಳ್ಳುತ್ತಿದ್ದರು. ಕ್ರಿ.ಶ. 14ರಲ್ಲಿ ಸೈನಿಕರು ದಂಗೆ ಎದ್ದಾಗ ಅವರ ದೊಡ್ಡ ದೂರುಗಳಲ್ಲಿ ಇದೂ ಒಂದು ಎಂದು ಟ್ಯಾಸಿಟಸ್ ಬರೆದಿದ್ದಾನೆ. ದಿನಕ್ಕೆ ಸಿಗುವುದೇ ಹತ್ತು ಕಾಸು, ಅದರಲ್ಲೇ ಬಟ್ಟೆ, ಆಯುಧ, ಗುಡಾರ ಎಲ್ಲಕ್ಕೂ ಕೊಡಬೇಕು! ದುಡ್ಡು ಕೊಟ್ಟವನು ವಸ್ತುವನ್ನು ಕಳೆದುಕೊಳ್ಳಲು ತಯಾರಿರುತ್ತಾನೆಯೇ? ಒಂದೇ ಥರದ 80 ಹೆಲ್ಮೆಟ್ಟುಗಳು ಒಂದೇ ಕಡೆ ಬಿದ್ದಿರುವಾಗ ನನ್ನದು ಯಾವುದು ಎಂದು ಗೊತ್ತಾಗಬೇಕಲ್ಲ.

ಮಾಡಿದವರ ಹೆಸರೂ ಸಿಗುತ್ತದೆ. ಈಗಿನ ಸ್ವಿಟ್ಜರ್ಲೆಂಡಿನ ಬಾಡನ್ ಊರಿನಲ್ಲಿ ಗೆಮೆಲ್ಲಿಯಾನಸ್ ಎಂಬ ಲೋಹದ ಕೆಲಸದವನಿದ್ದ. ಕತ್ತಿಯ ಒರೆಗೆ ಹಾಕುವ ಜಾಲರಿ ಪಟ್ಟಿಗಳಲ್ಲಿ ತನ್ನ ಹೆಸರು ಮತ್ತು ಊರಿನ ಹೆಸರು ಎರಡನ್ನೂ ಅಕ್ಷರಗಳಾಗಿ ಕತ್ತರಿಸಿ ಕೂರಿಸುತ್ತಿದ್ದ. ಇದು ಗುರುತಿಗಿಂತ ಹೆಚ್ಚಾಗಿ ಜಾಹೀರಾತು. ಚೆನ್ನಾಗಿದೆ ಅನ್ನಿಸಿದರೆ ಎಲ್ಲಿ ಸಿಗುತ್ತದೆ ಅಂತ ಗೊತ್ತಾಯಿತಲ್ಲ!

ಚುಕ್ಕಿಯಲ್ಲಿ ಹೆಸರು ಕೊರೆಯುವುದು ನಮಗೇನೂ ಹೊಸದಲ್ಲ. ಹತ್ತಿಮತ್ತೂರಿನ ನಮ್ಮ ಮನೆಯ ತಾಮ್ರದ ಕೊಡ, ಹಿತ್ತಾಳೆ ಬೋಗುಣಿ, ಸ್ಟೀಲ್ ತಾಟು, ಎಲ್ಲದರ ಮೇಲೂ ಹೆಸರಿದೆ. ಅಜ್ಜನ ಹೆಸರಿನವು, ಅಪ್ಪನ ಹೆಸರಿನವು, ಮದುವೆಯಲ್ಲಿ ಉಡುಗೊರೆ ಬಂದು ಬೇರೆ ಯಾರದೋ ಹೆಸರು ಹೊತ್ತವು. ಹಳೆಯವು ಉಳಿಯಿಂದ ಕುಟ್ಟಿದ ಚುಕ್ಕಿಗಳು, ಆಮೇಲಿನವು ಅಂಗಡಿಯ ಕರೆಂಟಿನ ಮಿಷನ್ನಿನಲ್ಲಿ ಟರ್ ಎಂದು ಕೊರೆಸಿದವು. ಯಾಕೆ ಇಷ್ಟು ಹೆಸರು ಅಂತ ಅವ್ವನನ್ನು ಕೇಳಿದರೆ, “ಹೆಸರ ಹಾಕಸ್ಲಿಲ್ಲಂದ್ರ ಮದವಿ ಮನಿಗೆ ಕೊಟ್ಟ ಕೊಡ ತಿರುಗಿ ಬರ್ತಾವೇನೋ?” ಅಂದಳು. ರೋಮನ್ ಸೈನಿಕ ಹೇಳಬಹುದಾಗಿದ್ದದ್ದೂ ಅದನ್ನೇ.

ಆದರೆ ಅದೇ ಮನೆಯ ಕುಡುಗೋಲು, ಕೊಡಲಿ, ಕುರ್ಚಗಿ ಯಾವುದರ ಮೇಲೂ ಹೆಸರಿಲ್ಲ. ಕೊಂಡವನದೂ ಇಲ್ಲ, ಮಾಡಿದವನದೂ ಇಲ್ಲ. ಯಾಕೆ ಅಂತ ಯೋಚಿಸಿದರೆ, ಅಗತ್ಯವೇ ಇರಲಿಲ್ಲ ಅನ್ನಿಸುತ್ತದೆ. ಊರಿನ ಕಮ್ಮಾರ, ಬಡಿಗರಿಗೆ ಸುಗ್ಗಿಯಲ್ಲಿ ಕಣದಿಂದ ಆಯ ಕೊಡುತ್ತಿದ್ದ ಕಾಲದಲ್ಲಿ ಕುಡುಗೋಲು ಮೊಂಡಾದರೆ ಯಾರ ಹತ್ತಿರ ಹೋಗಬೇಕೆಂದು ಇಡೀ ಊರಿಗೇ ಗೊತ್ತಿತ್ತು. ಪರಿಚಯ ಇರುವ ಕಡೆ ಹೆಸರು ಬರೆಯಬೇಕಿಲ್ಲ. ಪರಿಚಯ ಇಲ್ಲದವರ ನಡುವೆ ವಸ್ತು ಓಡಾಡಲು ಶುರುವಾದಾಗಲೇ ಅದರ ಮೇಲೆ ಹೆಸರು ಹತ್ತುತ್ತದೆ. ಮದುವೆ ಮನೆ, ಸಂತೆ, ಸೈನ್ಯ... ಇವೆಲ್ಲ ಅಂಥ ಜಾಗಗಳು.

ಹಾಗಾದರೆ ನಮ್ಮ ನಾಡಿನ ಸೈನ್ಯಗಳ ಆಯುಧದ ಮೇಲೆ ಏನಿದೆ?

ವಿಜಾಪುರಕ್ಕೆ ಹೋದವರೆಲ್ಲ ಷೇರ್ಜಾ ಬುರುಜಿನ ಮೇಲಿನ ಮಲಿಕ್-ಎ-ಮೈದಾನ್ ತೋಪಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡಿರುತ್ತೀರಿ. ಸುಮಾರು 55 ಟನ್ ತೂಕ, 14 ಅಡಿ ಉದ್ದ, ಬಾಯಿಯ ಕಡೆ ಆನೆಯನ್ನು ನುಂಗುತ್ತಿರುವ ಸಿಂಹದ ಮುಖ. ಇದು ವಿಜಾಪುರದಲ್ಲಿ ಮಾಡಿದ್ದಲ್ಲ. ಹಿಜರಿ 956, ಅಂದರೆ 1549ರಲ್ಲಿ ಅಹಮದ್‌ನಗರದಲ್ಲಿ ನಿಜಾಮಶಾಹಿಗಾಗಿ ಎರಕ ಹೊಯ್ದದ್ದು. ಪರಾಂಡ ಕೋಟೆಯಲ್ಲಿದ್ದದ್ದನ್ನು 1632ರಲ್ಲಿ ವಿಜಾಪುರಕ್ಕೆ ಎಳೆದು ತಂದರು. ಫೋಟೋ ತೆಗೆಸಿಕೊಳ್ಳುವ ಅವಸರದಲ್ಲಿ ನಾವು ನೋಡದೆ ಬರುವುದು ಅದರ ಮೇಲಿನ ಬರಹಗಳನ್ನು. ಒಂದು ದೇವರ ಹೆಸರು, ಒಂದು ಮಾಡಿಸಿದ ನಿಜಾಮಶಾಹನ ಹೆಸರು, ಇನ್ನೊಂದು ಮಾಡಿದವನದು. ಆ ಎರಕದ ಕೆಲಸಗಾರ ಒಬ್ಬ ಮಹಮ್ಮದ್, ಅವನ ಹೆಸರಿನ ಕೊನೆಗೆ ಇರುವ ಪದ ‘ರೂಮಿ’.

ರೂಮಿ ಅಂದರೆ ರೂಮಿನವನು. ರೂಮ್ ಅಂದರೆ ಬೇರೇನೂ ಅಲ್ಲ, ರೋಮ್! ಕಾನ್‌ಸ್ಟಾಂಟಿನೋಪಲ್ ರೋಮನ್ನರ ಎರಡನೆಯ ರಾಜಧಾನಿಯಾಗಿತ್ತಲ್ಲ, ಹಾಗಾಗಿ ಅರಬರಿಗೂ ಪರ್ಷಿಯನ್ನರಿಗೂ ಈಗಿನ ಟರ್ಕಿಯ ನೆಲವೆಲ್ಲ ರೂಮ್ ಆಯಿತು. ತುರ್ಕರು ಅದನ್ನು ಗೆದ್ದ ಮೇಲೂ ಹೆಸರು ಹಾಗೇ ಉಳಿಯಿತು. ತೋಪಿನ ವಿದ್ಯೆಯಲ್ಲಿ ಆ ಕಾಲಕ್ಕೆ ಒಟ್ಟೋಮನ್ ತುರ್ಕರದು ಎತ್ತಿದ ಕೈ, ದಖನ್ನಿನ ಸುಲ್ತಾನರು ಅಲ್ಲಿಂದ ಕೆಲಸಗಾರರನ್ನು ಕರೆಸಿಕೊಳ್ಳುತ್ತಿದ್ದರು. ರೋಮನ್ ಆಯುಧದ ಮೇಲಿನ ಹೆಸರು ಹುಡುಕುತ್ತಾ ಹೊರಟವನಿಗೆ ವಿಜಾಪುರದಲ್ಲೇ ಒಬ್ಬ ‘ರೋಮಿನವನ’ ಸಹಿ ಸಿಕ್ಕಿತು ನೋಡಿ.

ತೋಪಿನ ಮೇಲೆ ಇನ್ನೂ ಒಂದು ಬರಹ ಇದೆ, ತೀರ ಆಮೇಲಿನದು. 1686ರಲ್ಲಿ ಔರಂಗಜೇಬ ವಿಜಾಪುರ ಗೆದ್ದ. ಗೆದ್ದವನು ತೋಪನ್ನು ಕರಗಿಸಲಿಲ್ಲ, ಹಳೆಯ ಹೆಸರುಗಳನ್ನು ಅಳಿಸಲಿಲ್ಲ. ಮಲಿಕ್-ಎ-ಮೈದಾನನ್ನು ತಾನು ವಶ ಮಾಡಿಕೊಂಡೆ ಎಂದು ಅದರ ಮೇಲೇ ಕೆತ್ತಿಸಿದ. ಹಳೇ ಮನೆ ಕೊಂಡವರು ಬಾಗಿಲಿಗೆ ಹೊಸ ಬೋರ್ಡು ಹಾಕಿಸಿದ ಹಾಗೆ.

ಗೆದ್ದವರು ಹೆಸರು ಹಾಕುವ ಇನ್ನೊಂದು ಒಳ್ಳೆಯ ಉದಾಹರಣೆ ಆದೋನಿಯದು. ಈಗ ಆಂಧ್ರದಲ್ಲಿದೆ, ಬಳ್ಳಾರಿಗೆ ಹತ್ತಿರ. ಆದಿಲ್‌ಶಾಹಿಯ ದೊಡ್ಡ ಕೋಟೆ ಅದು. 1680ರ ದಶಕದ ಕೊನೆಗೆ ಮೊಗಲರಿಗೆ ಸಿಕ್ಕಿತು. ಮೊಗಲರ ಕಡೆಯಿದ್ದ ಬಿಕಾನೇರದ ರಾಜ ಅನೂಪಸಿಂಗ ಅಲ್ಲಿನ ಆಯುಧಗಳನ್ನು ರಾಜಸ್ಥಾನಕ್ಕೆ ಒಯ್ದ. ಬಿಕಾನೇರದ ಉಗ್ರಾಣದವರು ಅವುಗಳ ಮೇಲೆ ದೇವನಾಗರಿಯಲ್ಲಿ ಗುರುತು ಹಾಕಿದರು. ಹೇಗೆ ಅಂತೀರಿ? ಚುಕ್ಕಿ ಚುಕ್ಕಿಯಾಗಿ! ರೋಮನ್ ಹೆಲ್ಮೆಟ್ಟಿನ ಹಾಗೆ, ನಮ್ಮನೆ ಕೊಡದ ಹಾಗೆ. ದಖನ್ನಿನ ಕಠಾರಿ, ಕತ್ತಿ, ಕವಚಗಳು ಈಗ ಜಗತ್ತಿನ ಮ್ಯೂಸಿಯಮ್ಮುಗಳಲ್ಲಿ ಚದುರಿಹೋಗಿವೆ. ಅವು ಬಿಕಾನೇರದಿಂದ ಬಂದವು ಅಂತ ಗುರುತು ಹಿಡಿಯುವುದು ಆ ಚುಕ್ಕಿಗಳಿಂದಲೇ.

ಇಲ್ಲಿಗೆ ಮೂರು ಥರದ ಹೆಸರು ಸಿಕ್ಕ ಹಾಗಾಯಿತು. ‘ಇದು ನನ್ನದು’, ‘ಇದನ್ನು ಮಾಡಿದವನು ನಾನು’, ‘ಇದು ಈಗಿನಿಂದ ನನ್ನದು’. ಈ ಮೂರೂ ಒಟ್ಟಿಗೆ ಕಾಣಸಿಗುವುದು ಶ್ರೀರಂಗಪಟ್ಟಣದಲ್ಲಿ.

(ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂಬ ಜಗಳಕ್ಕೆ ಬೇಕಾದಷ್ಟು ಜಾಗಗಳಿವೆ, ಇಲ್ಲಿ ಬೇಡ. ನಮ್ಮ ಸವಣೂರು ಸೀಮೆಗೂ ಅವನ ಲೆಕ್ಕ ಸರಳವಾದದ್ದಲ್ಲ. ಸವಣೂರು ನವಾಬರ ಮನೆಗೂ ಹೈದರನ ಮನೆಗೂ ಹೆಣ್ಣು ಕೊಟ್ಟು ತಂದ ನೆಂಟಸ್ತಿಕೆ ಇತ್ತು. ಆದರೂ 1786ರ ಅಕ್ಟೋಬರಿನಲ್ಲಿ ಟಿಪ್ಪುವಿನ ಸೈನ್ಯ ಸವಣೂರಿನ ಬಳಿ ಮರಾಠರ ಮೇಲೆ ಬಿತ್ತು, ನವಾಬ ಅಬ್ದುಲ್ ಹಕೀಮ್ ಖಾನ್ ಊರು ಬಿಟ್ಟು ಮರಾಠರನ್ನು ಸೇರಿಕೊಂಡ. ಶ್ರೀರಂಗಪಟ್ಟಣದಲ್ಲಿ ತಯಾರಾದ ಕೋವಿಗಳು ನಮ್ಮ ಎರೆ ಹೊಲಗಳ ತನಕ ಬಂದಿದ್ದವು ಅನ್ನುವುದಷ್ಟೇ ಇಲ್ಲಿಗೆ ಬೇಕಾದ ಮಾತು.)

ಟಿಪ್ಪು ಕೋವಿ, ತೋಪುಗಳಿಗೆ ಸರ್ಕಾರಿ ಕಾರ್ಖಾನೆಗಳನ್ನೇ ನಡೆಸುತ್ತಿದ್ದ. 1788ರಲ್ಲಿ ಫ್ರಾನ್ಸಿನ ಹದಿನಾರನೇ ಲೂಯಿಯ ಆಸ್ಥಾನಕ್ಕೆ ಹೋದ ಅವನ ರಾಯಭಾರಿಗಳು ಕೇಳಿದ್ದರಲ್ಲಿ ನುರಿತ ಕೆಲಸಗಾರರೂ ಸೇರಿದ್ದರು, ಕೆಲವರು ಬಂದರು ಕೂಡ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಇಂಗ್ಲಿಷರು ಮಾಡಿದ ಪಟ್ಟಿಯಲ್ಲಿ 929 ತೋಪುಗಳು, ಹತ್ತಿರ ಹತ್ತಿರ ಒಂದು ಲಕ್ಷ ಕೋವಿಗಳು ಸಿಕ್ಕವು. ಎಲ್ಲವೂ ಅಲ್ಲೇ ಮಾಡಿದ್ದಲ್ಲ, ಫ್ರೆಂಚರಿಂದ, ಬೇರೆ ಕಡೆಯಿಂದ ಕೊಂಡದ್ದೂ ಇತ್ತು. ಆದರೂ ಒಂದು ಲಕ್ಷ!

ಸುಲ್ತಾನನ ಸ್ವಂತಕ್ಕೆ ಮಾಡಿದ ಕೋವಿಗಳ ಮೇಲೆ ಹುಲಿಯ ಪಟ್ಟೆ, ಹುಲಿಯ ಮುಖ ಇರುವುದು ಎಲ್ಲರಿಗೂ ಗೊತ್ತು. ಪಟ್ಟೆಗಳ ನಡುವೆ ‘ಹೈದರ್’ ಎಂಬ ಅಕ್ಷರಗಳನ್ನು ಒತ್ತಿದ ಮುದ್ರೆ ಇರುತ್ತದೆ. ಹೈದರ್ ಅಂದರೆ ಸಿಂಹ, ಪ್ರವಾದಿಯ ಅಳಿಯ ಅಲಿಯ ಬಿರುದು, ಅಪ್ಪನ ಹೆಸರು ಕೂಡ. ಇದರ ಜೊತೆಗೆ ಪರ್ಷಿಯನ್ನಿನಲ್ಲಿ ಊರು, ವರ್ಷ, ಮಾಡಿದವನ ಹೆಸರು. ಊರಿನ ಹೆಸರು ‘ಪಟನ್’, ಅಂದರೆ ನಮ್ಮ ಪಟ್ಟಣ. ಮಾಡಿದವರು ಸೈಯದ್ ಮಾಸೂಮ್, ಸೈಯದ್ ದಾವೂದ್, ಅಸದ್ ಖಾನ್ ಮಹಮ್ಮದ್... ಇವರು ಶ್ರೀರಂಗಪಟ್ಟಣದ ಬೀದಿಗಳಲ್ಲಿ ಓಡಾಡಿಕೊಂಡಿದ್ದ ಕುಶಲಕರ್ಮಿಗಳು. ಕಾವೇರಿ ನೀರು ಕುಡಿದು, ಫ್ರಾನ್ಸು ಇಂಗ್ಲೆಂಡಿನ ಮಾಲಿಗೆ ಸರಿಸಾಟಿಯಾದ ಚಕಮಕಿ ಕೋವಿಗಳನ್ನು ಮಾಡಿದವರು. ಒಂದೇ ನಳಿಗೆಯಲ್ಲಿ ಒಂದರ ಹಿಂದೊಂದು ಎರಡು ಮದ್ದುಗುಂಡು ತುಂಬಿ, ಎರಡು ಸಲ ಹೊಡೆಯುವ ಕೋವಿಗಳೂ ಅದರಲ್ಲಿವೆ. ಮುಂದಿನದು ಹಾರುವ ಮೊದಲು ಹಿಂದಿನದಕ್ಕೆ ಕಿಡಿ ಹತ್ತಿದರೆ ಮುಗಿಯಿತು ಕಥೆ! ಅಂಥ ಕೆಲಸ ಮಾಡಿ ಕೆಳಗೆ ಹೆಸರು ಹಾಕುವುದಕ್ಕೆ ಧೈರ್ಯ ಬೇಕು.

ವರ್ಷವನ್ನು ಓದುವುದೂ ಒಂದು ಮಜಾ. ಟಿಪ್ಪು ಹಿಜರಿಯನ್ನು ಬಿಟ್ಟು, ಪ್ರವಾದಿಯ ಹುಟ್ಟಿನಿಂದ ಎಣಿಸುವ ಮೌಲೂದಿ ಎಂಬ ಹೊಸ ಶಕೆಯನ್ನು ತಂದಿದ್ದ. ಲೆಕ್ಕವೇನೋ ಹೊಸದು, ಒಳಗಿನ ಚೌಕಟ್ಟು ಮಾತ್ರ ನಮ್ಮ ಪಂಚಾಂಗದ್ದೇ, ಅರವತ್ತು ಸಂವತ್ಸರಗಳ ಚಕ್ರ ಕೂಡ. ನಾಣ್ಯಗಳ ಮೇಲೆ ಈ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಹಾಕಿಸಿದ. ಕಂಪ್ಯೂಟರಿನವರು 1970ರಿಂದ ಕಾಲ ಎಣಿಸುತ್ತೇವಲ್ಲ, ಹಾಗೆ ಇದೂ ಒಂದು. ಕೋವಿಯ ಮೇಲೆ 1222 ಅಂತ ಇದ್ದರೆ ಅದು 1794ರ ಸುಮಾರಿನದು.

ಮಾಡಿದವನ ಹೆಸರು, ಜಾಗ, ತಾರೀಖು. ನಾವು ಕೋಡ್ ಬರೆದು ಒಳಗೆ ಹಾಕುವಾಗ ದಾಖಲಾಗುವುದೂ ಇದೇ ಅಲ್ಲವೇ? ಯಾವ ಸಾಲನ್ನು ಯಾರು ಯಾವತ್ತು ಬರೆದರು ಅಂತ ತೋರಿಸುವ ಆಜ್ಞೆಯ ಹೆಸರೇ ‘ಬ್ಲೇಮ್’. ಹೊಗಳಿಕೆಗೂ ಅದೇ ಹೆಸರು, ಬೈಗುಳಕ್ಕೂ ಅದೇ ಹೆಸರು! ಸೈಯದ್ ಮಾಸೂಮನ ಸಹಿಯೂ ಹೀಗೇ ಎರಡು ಬಾಯಿಯದು ಅಂತ ನನ್ನ ಅನಿಸಿಕೆ. ಸುಲ್ತಾನನ ಕೈಯಲ್ಲಿರುವ ಕೋವಿ ಸಿಡಿದರೆ ಯಾರನ್ನು ಹಿಡಿಯಬೇಕು ಅನ್ನುವುದಕ್ಕೂ ಅದು ಸಾಕ್ಷಿ.

ಕೆಲವು ಹೆಸರುಗಳಿಗೆ ಇದಕ್ಕಿಂತ ದೊಡ್ಡ ಗತಿಯೂ ಬಂತು. ಹದಿನೇಳನೇ ಶತಮಾನದಲ್ಲಿ ಇರಾನಿನ ಇಸ್ಫಹಾನಿನಲ್ಲಿ ಅಸದುಲ್ಲಾ ಎಂಬ ಹೆಸರುವಾಸಿ ಕತ್ತಿ ಮಾಡುವವನಿದ್ದ. ಅವನ ಸಹಿಗೆ ಎಷ್ಟು ಬೆಲೆ ಬಂತೆಂದರೆ, ಅವನು ಸತ್ತು ತಲೆಮಾರುಗಳಾದ ಮೇಲೂ ಅದೇ ಸಹಿಯ ಕತ್ತಿಗಳು ಬರುತ್ತಲೇ ಇದ್ದವು. ಅಂಥ ಅಲಗುಗಳಿಗೆ ಬೇಕಾದ ಉಕ್ಕು ದಕ್ಷಿಣ ಭಾರತದಿಂದಲೂ ಹಡಗು ಹತ್ತುತ್ತಿತ್ತು. ಇಂಗ್ಲಿಷರ ‘ವೂಟ್ಸ್’ ನಮ್ಮ ‘ಉಕ್ಕು’ ಪದದಿಂದಲೇ ಬಂದದ್ದು ಎನ್ನುತ್ತಾರೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣ ಮತ್ತು ಕಟ್ಟಿಗೆ ಇಟ್ಟು ಬಾಯಿ ಮುಚ್ಚಿ, ತಿದಿ ಒತ್ತಿ ಉಕ್ಕು ಮಾಡುವುದನ್ನು 1800-01ರಲ್ಲಿ ಮೈಸೂರು ಸೀಮೆಯಲ್ಲಿ ತಿರುಗಿದ ಫ್ರಾನ್ಸಿಸ್ ಬುಕನನ್ ಕಣ್ಣಾರೆ ಕಂಡು ಬರೆದಿದ್ದಾನೆ. ಅಲಗಿನ ಮೇಲೆ ಸಹಿ ಇದೆ, ಉಕ್ಕಿನ ಗಟ್ಟಿಯ ಮೇಲೆ ಯಾರ ಸಹಿಯೂ ಇಲ್ಲ. ತಿದಿ ಒತ್ತಿದವನನ್ನಂತೂ ಕೇಳಲೇಬೇಡಿ.

ಈಗ ಆ ಒಂದು ಲಕ್ಷ ಕೋವಿಗಳ ಮಾತಿಗೆ ಬರೋಣ. ಅವುಗಳನ್ನು ಹಿಡಿದವರ ಹೆಸರು ಎಲ್ಲಿ? ನಾನು ನೋಡಿದ ಯಾವ ಪಟ್ಟಿಯಲ್ಲೂ ಮೈಸೂರಿನ ಒಬ್ಬ ಸಿಪಾಯಿ ತನ್ನ ಹೆಸರು ಕೊರೆದುಕೊಂಡ ಕೋವಿ ಇಲ್ಲ. ಯಾಕೆಂದು ಊಹಿಸುವುದು ಕಷ್ಟವೇನಲ್ಲ. ರೋಮನ್ ಸೈನಿಕನ ಹೆಲ್ಮೆಟ್ಟು ಅವನ ಸಂಬಳದಲ್ಲಿ ಮುರಿದುಕೊಂಡದ್ದು. ಮೈಸೂರಿನ ಕೋವಿ ಸರ್ಕಾರದ್ದು, ಶಸ್ತ್ರಾಗಾರದಿಂದ ಬಂದು ಶಸ್ತ್ರಾಗಾರಕ್ಕೆ ಹೋಗುವಂಥದ್ದು. ಎದುರಾಳಿಗಳಾದ ಇಂಗ್ಲಿಷರಲ್ಲೂ ಕಥೆ ಅದೇ. ಈಸ್ಟ್ ಇಂಡಿಯಾ ಕಂಪನಿಯ ಕೋವಿಗಳ ಮೇಲೆ ಹೃದಯದ ಆಕಾರದೊಳಗೆ ಕಂಪನಿಯ ಅಕ್ಷರಗಳ ಮುದ್ರೆ, 1808ರ ಸುಮಾರಿಗೆ ಅದರ ಬದಲು ನಿಂತ ಸಿಂಹ. ಸರಕಿನ ಮೂಟೆಗೆ ಹಾಕುತ್ತಿದ್ದ ಗುರುತನ್ನೇ ಕೋವಿಗೂ ಹಾಕಿದರು. ಸಿಪಾಯಿಗೆ ಅದು ಕೈಗೆ ಕೊಟ್ಟ ಸಾಮಾನು, ಅಷ್ಟೇ.

ಈ ಸಾಲು ಬರೆಯುತ್ತಾ ನನ್ನ ಮುಂದಿನ ಲ್ಯಾಪ್‌ಟಾಪನ್ನು ತಿರುಗಿಸಿ ನೋಡಿದೆ. ಕೆಳಗೆ ಕಂಪನಿಯ ಹೆಸರು, ಒಂದು ಬಾರ್‌ಕೋಡು, ಒಂದು ನಂಬರು. ನನ್ನ ಹೆಸರು ಎಲ್ಲೂ ಇಲ್ಲ. ಕೆಲಸ ಬಿಡುವ ದಿನ ವಾಪಸು ಕೊಟ್ಟು ಸಹಿ ಹಾಕಿದರೆ ಮುಗಿಯಿತು. ನನ್ನ ಮೊದಲು ಇದನ್ನು ಹಿಡಿದವನು ಯಾರೋ, ನನ್ನ ನಂತರ ಯಾರೋ.

ಮೂರನೇ ಥರದ ಹೆಸರು 1799ರಲ್ಲಿ ಬಂತು. ಕೋಟೆಗೆ ನುಗ್ಗಿದ ಸೈನ್ಯದ ಮುಂದಾಳು ಡೇವಿಡ್ ಬೇರ್ಡ್. ಹಿಂದೆ ಅದೇ ಶ್ರೀರಂಗಪಟ್ಟಣದಲ್ಲಿ ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದವನು. ಟಿಪ್ಪುವಿನ ಮಲಗುವ ಮನೆಯಲ್ಲಿ ಸಿಕ್ಕ ಖಡ್ಗವನ್ನು ಸೈನ್ಯ ಅವನಿಗೆ ಕಾಣಿಕೆ ಕೊಟ್ಟಿತು. ಅದರ ಮೇಲೆ ‘ಶಂಶೀರ್-ಇ-ಮಲಿಕ್’, ಅಂದರೆ ಅರಸನ ಖಡ್ಗ ಎಂದು ಮೊದಲೇ ಬರೆದಿತ್ತು. ಆಮೇಲೆ ಇದನ್ನು ಬೇರ್ಡನಿಗೆ ಕೊಡಲಾಯಿತು ಎಂಬ ಇಂಗ್ಲಿಷ್ ಬರಹವೂ ಸೇರಿತು. 2023ರ ಮೇ ತಿಂಗಳಲ್ಲಿ ಲಂಡನ್ನಿನ ಬಾನಮ್ಸ್ ಹರಾಜಿನಲ್ಲಿ ಅದು ಮಾರಾಟವಾದದ್ದು 1 ಕೋಟಿ 40 ಲಕ್ಷ ಪೌಂಡಿಗೆ. ನಮ್ಮ ಲೆಕ್ಕದಲ್ಲಿ 140 ಕೋಟಿ ರೂಪಾಯಿ ದಾಟುತ್ತದೆ. 2015ರಲ್ಲಿ ಅದೇ ಹರಾಜು ಮನೆಯಲ್ಲಿ ಟಿಪ್ಪು ಕಾಲದ 30 ವಸ್ತುಗಳು 60 ಲಕ್ಷ ಪೌಂಡಿಗೂ ಹೆಚ್ಚಿಗೆ ಹೋಗಿದ್ದವು. ಅದಕ್ಕೆ ಹೋಲಿಸಿದರೆ ನಮ್ಮ ಮಲಿಕ್-ಎ-ಮೈದಾನನ್ನು 1854ರಲ್ಲಿ ಹರಾಜಿಗಿಟ್ಟಾಗ ಬಂದ ಬೆಲೆ 150 ರೂಪಾಯಿ! ಸದ್ಯ, ಆ ಮಾರಾಟ ರದ್ದಾಯಿತು.

ಖಡ್ಗದ ಸುದ್ದಿ ಬಂದಾಗ ಟೀವಿಯಲ್ಲಿ, ಪತ್ರಿಕೆಯಲ್ಲಿ ಎರಡು ಹೆಸರು ಕೇಳಿದೆವು, ಟಿಪ್ಪು ಮತ್ತು ಬೇರ್ಡ್. ಇಟ್ಟುಕೊಂಡವನು ಮತ್ತು ಕಿತ್ತುಕೊಂಡವನು. ಸೈಯದ್ ಮಾಸೂಮ್, ಸೈಯದ್ ದಾವೂದ್, ಅಸದ್ ಖಾನ್ ಮಹಮ್ಮದ್ ಕೋವಿಯ ಮೇಲೆ ಸಹಿ ಹಾಕಿಯೂ ನಮ್ಮ ಶಾಲೆಯ ಪುಸ್ತಕಕ್ಕೆ ಬರಲಿಲ್ಲ. ನಾನು ಹತ್ತನೇ ತರಗತಿಯವರೆಗೆ ಮೈಸೂರು ಯುದ್ಧಗಳನ್ನು ಬಾಯಿಪಾಠ ಮಾಡಿದವನು, ಈ ಹೆಸರುಗಳನ್ನು ಕೇಳಿರಲೇ ಇಲ್ಲ.

ಹಾಗಂತ ನಮ್ಮವರಿಗೆ ಮಾಡಿದವನ ಹೆಸರು ಬರೆಯುವ ರೂಢಿ ಇರಲಿಲ್ಲ ಅಂತಲ್ಲ. ನಮ್ಮ ಹಿರೇಕೆರೂರಿನ ಪಕ್ಕದ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಬೇಲೂರಿನ ಮದನಿಕೆಯರ ಕೆಳಗೆ ಹೆಸರು ಹಾಕಿದ್ದಾರೆ. ಮಲ್ಲಿತಮ್ಮ ನುಗ್ಗೇಹಳ್ಳಿಯಲ್ಲಿ, ಸೋಮನಾಥಪುರದಲ್ಲಿ ತನ್ನ ಹೆಸರು ಬಿಟ್ಟಿದ್ದಾನೆ. ಊರೂರು ತಿರುಗಿ ಕೆಲಸ ಮಾಡಿದ ರೂವಾರಿಗಳು ಇವರು, ಕೆಲಸದ ಜಾಗದಲ್ಲಿ ಪರಿಚಯ ಇಲ್ಲದವರು. ಮೊದಲು ಹೇಳಿದ ಮಾತು ಇಲ್ಲೂ ಹೊಂದುತ್ತದೆ ನೋಡಿ.

ಇನ್ನು ಆಯುಧ ಹಿಡಿದವನ ಹೆಸರು. ನಮ್ಮ ಕಡೆ ಅದನ್ನು ಕಬ್ಬಿಣದ ಮೇಲೆ ಬರೆಯಲಿಲ್ಲ, ಕಲ್ಲಿನ ಮೇಲೆ ಬರೆದರು. ವೀರಗಲ್ಲು! ಹಾವೇರಿ ಜಿಲ್ಲೆಯವರಿಗೆ ಇದನ್ನು ವಿವರಿಸಬೇಕಿಲ್ಲ, ಹಾನಗಲ್ಲು, ಸವಣೂರು, ಹಿರೇಕೆರೂರು ಕಡೆ ಗುಡಿ ಇದ್ದಲ್ಲಿ ಒಂದಾದರೂ ಇರುತ್ತದೆ. ಕೆಳಗಿನ ಪಟ್ಟಿಯಲ್ಲಿ ಹೋರಾಟ, ನಡುವೆ ಅಪ್ಸರೆಯರು ಕರೆದೊಯ್ಯುವುದು, ಮೇಲೆ ಶಿವನ ಸನ್ನಿಧಿ. ಬರಹ ಇದ್ದರೆ ಯಾವ ಅರಸನ ಕಾಲ, ಯಾಕೆ ಕಾಳಗ, ಯಾರು ಸತ್ತರು ಎಂದಿರುತ್ತದೆ. ಎಷ್ಟೋ ಸಲ ಅದು ಅರಸರ ಯುದ್ಧ ಕೂಡ ಅಲ್ಲ, ಊರ ದನ ಹೊಡೆದುಕೊಂಡು ಹೋಗುವವರನ್ನು ಅಡ್ಡಗಟ್ಟಿದ್ದು.

ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ನಿಮಗೆ ನೆನಪಿರಬಹುದು. 949ರಲ್ಲಿ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಮೇಲಿನದು. ಗಂಗರ ಬೂತುಗ ತನ್ನ ವೀರ ಮಣಲೇರನಿಗೆ ಏನು ಬೇಕೆಂದು ಕೇಳಿದರೆ, ಅವನು ಬೇಡಿದ್ದು ಅರಸನ ಬೇಟೆ ನಾಯಿಯನ್ನು. ಆ ನಾಯಿ ಮುಂದೆ ಹಂದಿಯ ಜೊತೆ ಕಾದಾಡಿ, ಹಂದಿಯೂ ನಾಯಿಯೂ ಎರಡೂ ಸತ್ತವು. ನಾಯಿಯ ಹೆಸರು ಕಾಳಿ. ಕಲ್ಲಿನ ಮೇಲೆ ಅದರ ಹೆಸರೂ ಇದೆ, ಹಂದಿಯೊಡನೆ ಅದು ಹೋರಾಡುವ ಚಿತ್ರವೂ ಇದೆ. ಅದೇ ಶಾಸನದಲ್ಲಿ ಒಂದು ಚೆಂದದ ಪದ ಬರುತ್ತದೆ, ‘ಬಾಳ್ಗಳ್ಚು’. ಬಾಳು ಅಂದರೆ ಕತ್ತಿ, ಕಳ್ಚು ಅಂದರೆ ತೊಳೆ. ಯುದ್ಧದಿಂದ ಬಂದವನ ಕತ್ತಿ ತೊಳೆದು ಕೊಡುವ ದತ್ತಿ. ಮಣಲೇರನಿಗೆ ಆತಕೂರು ಹನ್ನೆರಡು, ಜೊತೆಗೆ ನಮ್ಮ ಕಡೆಯ ಬೆಳ್ವೊಲದ ಒಂದು ಊರು ಹಾಗೆ ಸಿಕ್ಕವು. ಮಣಲೇರನ ಕತ್ತಿಯನ್ನು ಇವತ್ತು ಯಾರೂ ಹರಾಜು ಹಾಕಲಾರರು, ಆದರೆ ಅದನ್ನು ತೊಳೆದ ನೆನಪು ಸಾವಿರ ವರ್ಷ ದಾಟಿ ಬಂದಿದೆ.

929 ತೋಪು, ಲಕ್ಷ ಕೋವಿಗಳ ಸೈನ್ಯದಲ್ಲಿ ಸತ್ತವರಿಗಿಂತ ಹತ್ತನೇ ಶತಮಾನದ ನಾಯಿಗೇ ಹೆಸರು ಗಟ್ಟಿಯಾಗಿ ಉಳಿದಿದೆ. ತಮಾಷೆಗೆ ಹೇಳುತ್ತಿಲ್ಲ. ಊರು ಚಿಕ್ಕದಿದ್ದಾಗ ಸತ್ತವನು ಯಾರೆಂದು ಊರಿಗೆ ಗೊತ್ತಿತ್ತು, ಊರಿನವರೇ ಕಲ್ಲು ನಿಲ್ಲಿಸಿದರು. ಸೈನ್ಯ ದೊಡ್ಡದಾಗಿ, ಆಯುಧ ಸರ್ಕಾರದ ಸಾಮಾನಾದ ಮೇಲೆ ಲೆಕ್ಕ ಇಡಬೇಕಾದದ್ದು ಕೋವಿಗೆ, ಹಿಡಿದವನಿಗಲ್ಲ. ಆಯುಧದ ಮೇಲಿನ ಹೆಸರು ಪರಾಕ್ರಮದ್ದಲ್ಲ, ಲೆಕ್ಕದ್ದು. ಆ ವಸ್ತು ಕಳೆದರೆ ಯಾರ ಗಂಟು ಹೋಗುತ್ತದೋ ಅವನ ಹೆಸರು. ಹಿಡಿದವನ ಜೀವ ಹೋದರೆ ಯಾರ ಗಂಟು ಹೋಗುತ್ತದೆ ಅನ್ನುವುದಕ್ಕೆ ಉತ್ತರ ಇರುವುದು ವೀರಗಲ್ಲಿನಲ್ಲಿ.

ಸಂಕಟ ಏನೆಂದರೆ, ಹರಾಜಿನಲ್ಲಿ ಬೆಲೆ ಬರುವ ಹೆಸರುಗಳನ್ನು ಕಾಯುವವರಿದ್ದಾರೆ, ಇವುಗಳನ್ನು ಕಾಯುವವರು ಕಡಿಮೆ. ಬಟ್ಟೆ ಒಗೆಯುವ ಕಲ್ಲಾದ, ಗಟಾರದ ಹಾಸಾದ, ಗುಡಿ ಜೀರ್ಣೋದ್ಧಾರದಲ್ಲಿ ಸುಣ್ಣ ಬಣ್ಣ ಬಳಿಸಿಕೊಂಡು ಅಕ್ಷರ ಮುಚ್ಚಿಹೋದ ವೀರಗಲ್ಲುಗಳನ್ನು ನೀವೂ ನೋಡಿರುತ್ತೀರಿ. ನಮ್ಮ ಹತ್ತಿಮತ್ತೂರಿನ ಒಂದು ಶಾಸನವನ್ನು, ರಾಷ್ಟ್ರಕೂಟ ಒಂದನೇ ಕೃಷ್ಣನ ಕಾಲದ್ದು, ಎಂಟನೇ ಶತಮಾನದ್ದು, ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ನೂರು ವರ್ಷಕ್ಕೂ ಹಿಂದೆಯೇ ಓದಿ ಅಚ್ಚು ಹಾಕಿಸಿದ್ದಾನೆ. ಹೊರಗಿನವನು ಬಂದು ಓದಿದ್ದರಿಂದ ಉಳಿಯಿತು ಅನ್ನುವುದನ್ನು ಒಪ್ಪಿಕೊಳ್ಳಲೇಬೇಕು.

ಹೆಚ್ಚುಕಡಿಮೆ ಅದೇ ಕಾಲದ ಇನ್ನೊಂದು ಕಲ್ಲು 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಬೆಳಕಿಗೆ ಬಂತು. ಗಂಗ ಶ್ರೀಪುರುಷನ ಕಾಲದ್ದು. ರಟ್ಟವಾಡಿಯವರು, ಅಂದರೆ ರಾಷ್ಟ್ರಕೂಟರ ಕಡೆಯವರು, ದಾಳಿ ಮಾಡಿದಾಗ ಹೋರಾಡಿ ಸತ್ತ ಕಿತ್ತಯ್ಯನ ವೀರಗಲ್ಲು. ಹೆಬ್ಬಾಳದ ಹಳೆಯ ಹೆಸರು ಪೆರ್ಬೊಳಲ್ ಎಂದೂ ಅದರಿಂದ ತಿಳಿಯಿತು. ಊರಿನವರು, ಶಾಸನದ ಹುಚ್ಚು ಹಿಡಿದ ಕೆಲವರು ಸೇರಿ ಅದಕ್ಕೊಂದು ನೆಲೆ ಮಾಡಿದರು. ಮಿಥಿಕ್ ಸೊಸೈಟಿಯವರು 2021ರಲ್ಲಿ ಬೆಂಗಳೂರಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುವ ಕೆಲಸ ಶುರು ಮಾಡಿದರು. ಹೆಬ್ಬಾಳದ ಫ್ಲೈಓವರಿನ ಟ್ರಾಫಿಕ್ಕಿನಲ್ಲಿ ದಿನವೂ ಅರ್ಧ ಗಂಟೆ ನಿಲ್ಲುವ ನಮ್ಮಂಥ ಎಷ್ಟು ಜನರಿಗೆ ಕಿತ್ತಯ್ಯ ಗೊತ್ತು? ಅವನನ್ನು ಕೊಂದ ಕಡೆಯ ಅರಸರ ಹೆಸರು ನಮ್ಮೂರಿನ ಕಲ್ಲಿನಲ್ಲಿದೆ, ಅವನ ಹೆಸರು ನಾನು ಕೆಲಸ ಮಾಡುವ ಊರಿನಲ್ಲಿದೆ. ಎರಡೂ ಕನ್ನಡದಲ್ಲೇ ಇವೆ.

ಹಬ್ಬಕ್ಕೋ ಜಾತ್ರೆಗೋ ಊರಿಗೆ ಹೋದಾಗ ಗುಡಿಯ ಹಿಂದಿನ ಕಲ್ಲನ್ನು ಒಮ್ಮೆ ನೋಡಿ ಬನ್ನಿ. ಸೀಮೆಸುಣ್ಣ ಉಜ್ಜಬೇಡಿ, ಎಣ್ಣೆ ಹಚ್ಚಬೇಡಿ. ಬೆಳಿಗ್ಗೆ ಬೇಗ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ ಫೋಟೋ ತೆಗೆದರೆ ಸವೆದ ಅಕ್ಷರವೂ ನೆರಳಿನಲ್ಲಿ ಎದ್ದು ಕಾಣುತ್ತದೆ. ಓದಲು ಬಾರದಿದ್ದರೂ ಪರವಾಗಿಲ್ಲ, ಊರಿನ ಹೆಸರು ಬರೆದು ಫೋಟೋ ಹಾಕಿ. ಓದುವವರು ನಮ್ಮಲ್ಲೇ ಇದ್ದಾರೆ. ಒಂದು ಹೆಸರು ಸಿಕ್ಕರೂ ಲಾಭವೇ.